ಬಗೆ 29: ಇಂಗ್ಲೆಂಡಿನ ಎಳಗರುಗಳ ಒಂದು ಇತಿಹಾಸ

ನನ್ನ ತರಗತಿಯಲ್ಲಿ ಕುಳಿತವರಿಗೆ 1757, 1799, 1857 ಎಂಬ ಇಸವಿಗಳು ಇಂದಿಗೂ ಕಂಠಪಾಠವಾಗಿರಬಹುದು. ಪಠ್ಯಪುಸ್ತಕ ಬಯಸಿದ್ದು ಅವುಗಳನ್ನು, ಪರೀಕ್ಷೆಯಲ್ಲಿ ಕೇಳುತ್ತಿದ್ದುದೂ ಅವುಗಳನ್ನೇ. ನಿವೃತ್ತಿಯ ನಂತರ ಪಠ್ಯಕ್ರಮದ ಹಂಗಿಲ್ಲದೆ ಓದಲು ಕುಳಿತಾಗ ಮಾತ್ರ, ಯಾವ ಅರಸನೂ ಯಾವ ಸೇನಾನಿಯೂ ಕಾಣಿಸಿಕೊಳ್ಳದ ಇತಿಹಾಸವೂ ಒಂದುಂಟು, ಅದರ ಪರಿಣಾಮ ನಮ್ಮ ಮನೆಯ ಹಸುಗೂಸಿನ ತೊಟ್ಟಿಲಿನವರೆಗೂ ಬರುತ್ತದೆ ಎಂಬುದು ಹೆಚ್ಚು ಹೆಚ್ಚು ಮನಸ್ಸಿಗೆ ಬರುತ್ತಿದೆ. ಇಂದು ಬರೆಯಹೊರಟಿರುವುದು ಅಂಥದೊಂದು ಇತಿಹಾಸ. ಇದರ ನಾಯಕ ಹುಟ್ಟಿ ವಾರವೂ ಕಳೆಯದ ಒಂದು ಕರು.

ಪಶುವೈದ್ಯನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುವಾಗ, "ಮೇಷ್ಟ್ರೇ, ಕರುಗಳ ಬಿಳಿ ಭೇದಿಗೆ ಮೊದಲು ನಾಟುತ್ತಿದ್ದ ಔಷಧಿ ಈಗ ನಾಟುವುದೇ ಇಲ್ಲ" ಎಂದ. ಇದು ಎಂದಿನಿಂದ ಆರಂಭವಾಯಿತು ಎಂದು ನಾನು ಕೇಳಿದ ಪ್ರಶ್ನೆಗೆ ಅವನಿಂದ ಉತ್ತರ ಬರಲಿಲ್ಲ. ಹುಡುಕಿ ಓದುತ್ತ ಹೋದಾಗ ದಾರಿ ನನ್ನನ್ನು ಇಂಗ್ಲೆಂಡಿಗೆ, 1960ರ ದಶಕಕ್ಕೆ ಕರೆದೊಯ್ದಿತು.

ಅದಕ್ಕೂ ಸ್ವಲ್ಪ ಹಿಂದಿನಿಂದ ಆರಂಭಿಸಬೇಕು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸಿ ಮಾಡಿದ ಭಾಷಣದಲ್ಲಿಯೇ, ಅಳತೆಗೆಟ್ಟು ಅಲ್ಪಸ್ವಲ್ಪ ಔಷಧಿ ಕೊಟ್ಟರೆ ರೋಗಾಣುಗಳು ಅದನ್ನು ತಾಳಿಕೊಳ್ಳಲು ಕಲಿಯುತ್ತವೆ ಎಂಬ ಎಚ್ಚರಿಕೆಯನ್ನು ನೀಡಿದ್ದರು. ಅದೇ ವರ್ಷ ಅಮೆರಿಕದ ಲೆಡರ್ಲೆ ಕಂಪನಿಯ ಪ್ರಯೋಗಶಾಲೆಯಲ್ಲಿ ಬೆಂಜಮಿನ್ ಡುಗ್ಗರ್ ಎಂಬ ವೃದ್ಧ ಸಸ್ಯಶಾಸ್ತ್ರಜ್ಞರು ಮಿಸ್ಸೌರಿಯ ಹೊಲವೊಂದರ ಮಣ್ಣಿನಿಂದ ಬಂಗಾರದ ಬಣ್ಣದ ಔಷಧಿಯೊಂದನ್ನು ಪಡೆದರು. ಅದೇ ಆರಿಯೊಮೈಸಿನ್, ಟೆಟ್ರಾಸೈಕ್ಲಿನ್ ಕುಲದ ಮೊದಲನೆಯದು. ಡುಗ್ಗರ್ ವಿಶ್ವವಿದ್ಯಾಲಯದಿಂದ ನಿವೃತ್ತರಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಆ ಕೆಲಸಕ್ಕೆ ಸೇರಿದವರು ಎಂಬುದನ್ನು ನನ್ನಂತಹ ನಿವೃತ್ತರು ವಿಶೇಷವಾಗಿ ಗಮನಿಸಬೇಕು! ಆ ಪ್ರಯೋಗಶಾಲೆಯ ಸಂಶೋಧನಾ ನಿರ್ದೇಶಕರಾಗಿದ್ದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್. ನಮ್ಮ ನೆರೆಯ ನಾಡಿನ ಆ ಮಹಾನುಭಾವರ ಹೆಸರು ನಮ್ಮ ಮಕ್ಕಳಿಗೆ ತಿಳಿಯದು ಎಂಬ ಕೊರಗು ನನಗೆ ಎಂದಿನಿಂದಲೂ ಇದೆ. 1948ರಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ಬೇರೆಯದೇ ಲೇಖನ ಬರೆಯಬೇಕು.

ಅದೇ ಕಂಪನಿಯ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಡ್ ಎಂಬಿಬ್ಬರು ಕೋಳಿಮರಿಗಳ ಆಹಾರಕ್ಕೆ ಬಿ12 ಜೀವಸತ್ವದ ಮೂಲವೊಂದನ್ನು ಅರಸುತ್ತಿದ್ದರು. ಆರಿಯೊಮೈಸಿನ್ ತಯಾರಿಸಿದ ಬಳಿಕ ಉಳಿಯುವ ಚರಟವನ್ನು ತಿನ್ನಿಸಿ ನೋಡಿದಾಗ ಮರಿಗಳು ನಿರೀಕ್ಷೆ ಮೀರಿ ಬೆಳೆದವು. ಜೀವಸತ್ವ ಮಾತ್ರವಲ್ಲದೆ, ಚರಟದಲ್ಲಿ ಉಳಿದಿದ್ದ ಅತ್ಯಲ್ಪ ಔಷಧಿಯೂ ಅದಕ್ಕೆ ಕಾರಣವೆಂದು ತಿಳಿಯಿತು. 1950ರಲ್ಲಿ ಈ ಸುದ್ದಿ ಹೊರಬಿದ್ದದ್ದೇ ತಡ, ರೋಗಕ್ಕೆ ಕೊಡಬೇಕಾದ ಮದ್ದು ಹಿಂಡಿಯ ಮೂಟೆಯನ್ನು ಸೇರಿತು. ಬ್ರಿಟನ್ 1953ರಲ್ಲಿ ಕಾನೂನು ಮಾಡಿ, ಹಂದಿ ಮತ್ತು ಕೋಳಿಗಳ ಆಹಾರದಲ್ಲಿ ಪೆನಿಸಿಲಿನ್, ಟೆಟ್ರಾಸೈಕ್ಲಿನ್‌ಗಳನ್ನು ಅಲ್ಪಪ್ರಮಾಣದಲ್ಲಿ ಬೆರೆಸಲು ಅನುಮತಿ ನೀಡಿತು. ಆ ದೇಶದಲ್ಲಿ ಯುದ್ಧಕಾಲದ ಮಾಂಸದ ಪಡಿತರ ಮುಗಿದದ್ದೇ 1954ರ ಜುಲೈನಲ್ಲಿ ಎಂಬುದನ್ನು ನೆನೆದರೆ ಅವರ ಆತುರ ಅರ್ಥವಾಗುತ್ತದೆ. ಹಸಿದ ದೇಶವೊಂದು ಅಗ್ಗದ ಮಾಂಸಕ್ಕಾಗಿ ಹಾತೊರೆದುದನ್ನು ನಾನು ತಪ್ಪೆನ್ನಲಾರೆ.

ಈಗ ಕರುವಿನ ಬಳಿಗೆ ಬರೋಣ.

ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಹಾಲಿಗೆಂದು ಸಾಕುವ ಹಿಂಡಿನಲ್ಲಿ ವರ್ಷಕ್ಕೊಮ್ಮೆ ಕರುಗಳು ಹುಟ್ಟುತ್ತವೆ, ಅವುಗಳಲ್ಲಿ ಅರ್ಧದಷ್ಟು ಗಂಡುಗರುಗಳು. ಹಾಲಿನ ರೈತನಿಗೆ ಅವು ಬೇಡ. ಇಂಗ್ಲೆಂಡಿನಲ್ಲಿ ಅವುಗಳನ್ನು ಮಾಂಸಕ್ಕಾಗಿ ಬೆಳೆಸುವ ಬೇರೆ ರೈತರಿದ್ದರು, ನಡುವೆ ದನದ ದಲ್ಲಾಳಿಗಳಿದ್ದರು. ಹುಟ್ಟಿ ನಾಲ್ಕಾರು ದಿನಗಳಾದ ಕರುಗಳನ್ನು ಹಲವು ಊರುಗಳಿಂದ ಕೊಂಡು, ಒಂದೆಡೆ ಕೂಡಿಹಾಕಿ, ಲಾರಿಗಳಲ್ಲಿ ತುಂಬಿ, ನೂರಾರು ಮೈಲಿ ದೂರ ಸಾಗಿಸಿ ಮಾರುವುದು ದೊಡ್ಡ ವ್ಯಾಪಾರವಾಗಿ ಬೆಳೆಯಿತು.

ಕರುವಿನ ದೇಹಧರ್ಮವನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಮನುಷ್ಯರ ಶಿಶುವಿಗೆ ತಾಯಿಯ ರೋಗರಕ್ಷಕ ಪ್ರತಿಕಾಯಗಳು ಗರ್ಭದಲ್ಲಿಯೇ ಬಹುಮಟ್ಟಿಗೆ ಸಿಗುತ್ತವೆ, ಕರುವಿಗೆ ಸಿಗುವುದಿಲ್ಲ. ಅದು ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಬೇಕಾದ ರಕ್ಷಣೆಯೆಲ್ಲ ಇರುವುದು ತಾಯಿಯ ಗಿಣ್ಣುಹಾಲಿನಲ್ಲಿ. ಅದನ್ನೂ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲೇ ಕುಡಿಯಬೇಕು. ಒಂದು ದಿನ ಕಳೆದರೆ ಕರುವಿನ ಕರುಳು ಆ ಪ್ರತಿಕಾಯಗಳನ್ನು ಹೀರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಗಿಣ್ಣಿನ ಸಿಹಿಗೆ ಬಾಯಿ ಚಪ್ಪರಿಸುವ ನಾವು, ಮೊದಲ ಪಾಲು ಯಾರದೆಂಬುದನ್ನು ಮರೆಯುವುದು ಸುಲಭ. ನನ್ನ ಅಜ್ಜಿ ಮರೆಯುತ್ತಿರಲಿಲ್ಲ. ಕರು ಹೊಟ್ಟೆ ತುಂಬ ಕುಡಿದ ಮೇಲೆಯೇ ಗಿಣ್ಣಿನ ಪಾತ್ರೆ ಒಲೆಯೇರಬೇಕು. ಅದಕ್ಕೆ ಅವರು ಕೊಡುತ್ತಿದ್ದ ಕಾರಣ ಧರ್ಮದ್ದು. ಅದರ ಹಿಂದಿನ ಶಾಸ್ತ್ರ ನನಗೆ ಸಿಕ್ಕಿದ್ದು ಈ ಓದಿನಲ್ಲಿ.

ಗಿಣ್ಣುಹಾಲು ಸರಿಯಾಗಿ ಸಿಗದ, ಚಳಿಯಲ್ಲಿ ಲಾರಿಯೇರಿದ, ಅಪರಿಚಿತ ಕರುಗಳೊಡನೆ ಒಂದೇ ದೊಡ್ಡಿಯಲ್ಲಿ ನಿಂತ ಎಳಗರುವಿಗೆ ಭೇದಿ ಹತ್ತದಿದ್ದರೆ ಆಶ್ಚರ್ಯಪಡಬೇಕು. ಒಂದಕ್ಕೆ ಹತ್ತಿದರೆ ದೊಡ್ಡಿಗೆಲ್ಲ ಹತ್ತುತ್ತಿತ್ತು. ಅಲ್ಲಿಂದ ಲಾರಿಗಳು ನಾಲ್ಕು ದಿಕ್ಕಿಗೂ ಹೊರಡುತ್ತಿದ್ದವು. ಇದಕ್ಕೆ ಕಂಡುಕೊಂಡ ಪರಿಹಾರ ಔಷಧಿ. ರೋಗ ಬಂದ ಕರುವಿಗೂ ಬಾರದ ಕರುವಿಗೂ ಮುನ್ನೆಚ್ಚರಿಕೆಯೆಂದು ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್. ಅವು ಸಾಲದಾದಾಗ ನಿಯೋಮೈಸಿನ್, ಆಂಪಿಸಿಲಿನ್, ಫ್ಯೂರಜೋಲಿಡೋನ್. ರೂತ್ ಹ್ಯಾರಿಸನ್ ಎಂಬ ಮಹಿಳೆ 1964ರಲ್ಲಿ 'ಅನಿಮಲ್ ಮೆಷಿನ್ಸ್' ಎಂಬ ಪುಸ್ತಕ ಬರೆದು, ಮುಚ್ಚಿದ ಕೊಟ್ಟಿಗೆಗಳಲ್ಲಿ ಕರುಗಳೂ ಕೋಳಿಗಳೂ ಯಂತ್ರಗಳಂತೆ ಬೆಳೆಯುವುದನ್ನು ಜನರ ಮುಂದಿಟ್ಟಾಗ ಇಂಗ್ಲೆಂಡ್ ಬೆಚ್ಚಿತು. ಆದರೆ ಆ ಕರುಗಳ ಕರುಳಿನಲ್ಲಿ ಏನು ಬೆಳೆಯುತ್ತಿದೆ ಎಂಬುದನ್ನು ನೋಡುತ್ತಿದ್ದವರು ಇನ್ನೊಬ್ಬರು.

ಅವರೇ ಇ. ಎಸ್. ಆಂಡರ್ಸನ್. ಎಸ್ಟೋನಿಯಾದಿಂದ ವಲಸೆ ಬಂದ ಯಹೂದಿ ಕುಟುಂಬದಲ್ಲಿ 1911ರಲ್ಲಿ ಜನಿಸಿದವರು; ಲಂಡನ್ನಿನ ಕಾಲಿಂಡೇಲ್‌ನಲ್ಲಿದ್ದ, ಕರುಳಿನ ರೋಗಾಣುಗಳನ್ನು ಗುರುತಿಸುವ ರಾಷ್ಟ್ರೀಯ ಪ್ರಯೋಗಶಾಲೆಯ ಮುಖ್ಯಸ್ಥರು. ದೇಶದ ಮೂಲೆಮೂಲೆಯ ಆಸ್ಪತ್ರೆಗಳಿಂದಲೂ ಪಶುವೈದ್ಯರಿಂದಲೂ ಅಲ್ಲಿಗೆ ಮಾದರಿಗಳು ಬರುತ್ತಿದ್ದವು. ಸಾಲ್ಮೊನೆಲ್ಲಾ ಟೈಫಿಮ್ಯೂರಿಯಮ್ ಎಂಬ ರೋಗಾಣು ದನಗಳಲ್ಲಿಯೂ ಮನುಷ್ಯರಲ್ಲಿಯೂ ಭೇದಿ, ಜ್ವರ ತರುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಒಂದೇ. ಆದರೆ ಬ್ಯಾಕ್ಟೀರಿಯಾಗಳನ್ನು ನಾಶಮಾಡುವ ಫೇಜ್ ಎಂಬ ವೈರಸ್‌ಗಳುಂಟು. ಯಾವ ಫೇಜ್‌ಗೆ ಯಾವ ರೋಗಾಣು ಬಲಿಯಾಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ನೋಡಿ ರೋಗಾಣುಗಳನ್ನು ಬಗೆಬಗೆಯಾಗಿ ವಿಂಗಡಿಸಿ ಅಂಕಿ ಕೊಡಬಹುದು. ಪೊಲೀಸರಿಗೆ ಬೆರಳಚ್ಚು ಹೇಗೋ ಹಾಗೆ. ಹೀಗೆ ಕಾಣಿಸಿಕೊಂಡದ್ದೇ 'ಬಗೆ 29'.

1963ರ ಸುಮಾರಿನಿಂದ ಈ ಬಗೆ ಎಳಗರುಗಳಲ್ಲಿ ಹೆಚ್ಚತೊಡಗಿತು. ಆಂಡರ್ಸನ್ ಅದರ ಮೇಲೆ ಒಂದೊಂದೇ ಔಷಧಿಯನ್ನು ಪ್ರಯೋಗಿಸಿ ನೋಡುತ್ತ ಹೋದರು. ಮೊದಲು ಸಲ್ಫಾ ಮತ್ತು ಸ್ಟ್ರೆಪ್ಟೊಮೈಸಿನ್ ಸೋತವು, ಬಳಿಕ ಟೆಟ್ರಾಸೈಕ್ಲಿನ್, ಬಳಿಕ ನಿಯೋಮೈಸಿನ್, ಆಂಪಿಸಿಲಿನ್, ಕೊನೆಗೆ ಫ್ಯೂರಜೋಲಿಡೋನ್ ಕೂಡ. ರೈತರು ಕರುಗಳಿಗೆ ಯಾವ ಯಾವ ಮದ್ದನ್ನು ಬಳಸಿದರೋ ಅವುಗಳ ಪಟ್ಟಿಯೇ ರೋಗಾಣುವಿನ ಮೈಮೇಲೆ ಬರೆದಂತಿತ್ತು. ಇತಿಹಾಸದ ಮೇಷ್ಟ್ರಾಗಿ ನನಗೆ ಇದು ಶಾಸನ ಓದಿದಂತೆ ತೋರುತ್ತದೆ. 1965ರಲ್ಲಿ ಪಿಡುಗು ಏರಿತು. ಅದು ಕರುಗಳಲ್ಲಿ ನಿಲ್ಲದೆ ಜನರಿಗೂ ಹಬ್ಬಿ, ಕೆಲವರು ಅಸುನೀಗಿದರು. ಬೆರಳಚ್ಚನ್ನು ಹಿಡಿದು ಹಿಂದೆ ಹಿಂದೆ ಹೋದಂತೆ ಜಾಡು ತಲುಪುತ್ತಿದ್ದುದು ಕರುಗಳ ವ್ಯಾಪಾರದ ದೊಡ್ಡಿಗಳಿಗೆ.

ಆಂಡರ್ಸನ್ನರನ್ನು ನಿಜವಾಗಿ ಕಂಗೆಡಿಸಿದ್ದು ಮತ್ತೊಂದು ಸಂಗತಿ. ರೋಗಾಣುವಿನಲ್ಲಿ ಆಕಸ್ಮಿಕವಾಗಿ ಬದಲಾವಣೆಯಾಗಿ, ಬದಲಾದುದು ಮಾತ್ರ ಬದುಕುಳಿದು, ಅದರ ಸಂತತಿ ಬೆಳೆಯುವುದು ಹಳೆಯ ತಿಳಿವಳಿಕೆ. ಆದರೆ ಜಪಾನಿನಲ್ಲಿ ಆಮಶಂಕೆಯ ರೋಗಾಣುಗಳು ಒಂದೇ ಏಟಿಗೆ ನಾಲ್ಕು ಔಷಧಿಗಳಿಗೆ ಜಗ್ಗದಂತಾದುದನ್ನು ಕಂಡು ಅಲ್ಲಿನ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದರು. 1959ರಲ್ಲಿ ಒಚಿಯಾಯ್ ಮತ್ತು ಅಕಿಬಾ, ಇಬ್ಬರೂ ಬೇರೆ ಬೇರೆಯಾಗಿ, ಅದರ ಗುಟ್ಟನ್ನು ಬಿಡಿಸಿದರು. ಒಂದು ಬ್ಯಾಕ್ಟೀರಿಯಾ ಇನ್ನೊಂದನ್ನು ತಾಗಿ, ಔಷಧಿಯನ್ನು ಎದುರಿಸುವ ಗುಣವನ್ನು ನೇರವಾಗಿ ದಾಟಿಸುತ್ತದೆ! ಪಡೆದುಕೊಂಡದ್ದು ಬೇರೆ ಜಾತಿಯದಾದರೂ ಅಡ್ಡಿಯಿಲ್ಲ. ತಂದೆಯಿಂದ ಮಗನಿಗೆ ಬರುವ ಆಸ್ತಿಯಲ್ಲ ಇದು, ದಾರಿಯಲ್ಲಿ ಸಿಕ್ಕವನಿಗೆ ಕೈಬದಲು ಕೊಟ್ಟ ಗಂಟು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ 1959ರಲ್ಲಿ ಹಬ್ಬಿದ ಸಾಲ್ಮೊನೆಲ್ಲಾ ರೋಗವನ್ನು ಅಭ್ಯಸಿಸಿ, ಇಂಗ್ಲೆಂಡಿನಲ್ಲಿಯೂ ಹೀಗೆಯೇ ನಡೆಯುತ್ತಿದೆ ಎಂದು 1962ರಲ್ಲಿ ತೋರಿಸಿದವರು ನವೋಮಿ ದತ್ತಾ. ಹೆಸರು ಕಂಡು ಕುತೂಹಲಗೊಂಡು ನೋಡಿದೆ: ಅವರು ಇಂಗ್ಲಿಷ್ ಮಹಿಳೆ, ಕೈಹಿಡಿದದ್ದು ಭಾರತೀಯರಾದ ಪ್ರಕಾಶ ದತ್ತಾ ಅವರನ್ನು.

ಆಂಡರ್ಸನ್ ಮತ್ತು ಸಂಗಡಿಗರು 1965ರಲ್ಲಿ 'ನೇಚರ್' ಪತ್ರಿಕೆಯಲ್ಲಿ, ಕರುಗಳ ಬಗೆ 29ರಲ್ಲಿಯೂ ಈ ಗಂಟು ಇದೆ, ಅದು ದಾಟುತ್ತದೆ ಎಂದು ಪ್ರಕಟಿಸಿದರು. ಇದರ ಅರ್ಥವೇನೆಂದು ಸ್ವಲ್ಪ ಯೋಚಿಸಿರಿ. ಕರುವಿನ ರೋಗ ಮನುಷ್ಯನಿಗೆ ಬರದಿದ್ದರೂ ಸರಿಯೇ. ಕರುವಿನ ಕರುಳಿನ ನಿರುಪದ್ರವಿ ಬ್ಯಾಕ್ಟೀರಿಯಾ ಮನುಷ್ಯನ ಕರುಳಿಗೆ ಬಂದು, ಅಲ್ಲಿನ ಅಪಾಯಕಾರಿ ಬ್ಯಾಕ್ಟೀರಿಯಾಕ್ಕೆ ಗಂಟನ್ನು ಕೊಟ್ಟುಬಿಟ್ಟರೆ ಸಾಕು. ಅದರಲ್ಲಿಯೂ ಅವರು ಹೆದರಿದ್ದು ಕ್ಲೋರಾಂಫೆನಿಕಾಲ್ ಎಂಬ ಔಷಧಿಯ ಬಗ್ಗೆ. ನನ್ನ ವಯಸ್ಸಿನವರಿಗೆ ಅದು 'ಕ್ಲೋರೊಮೈಸಿಟಿನ್' ಎಂಬ ಹೆಸರಿನಲ್ಲಿ ಚೆನ್ನಾಗಿ ಗೊತ್ತು. ಮನೆಯಲ್ಲಿ ಯಾರಿಗಾದರೂ ಟೈಫಾಯಿಡ್ ಎಂದೊಡನೆ ಡಾಕ್ಟರು ಬರೆಯುತ್ತಿದ್ದುದು ಅದನ್ನೇ. ನಮ್ಮ ಹಿರಿಯರ ಪಾಲಿಗೆ ಅದು ಸಂಜೀವಿನಿ. ಆ ಔಷಧಿಯನ್ನು ಕರುವಿನ ಭೇದಿಗೆ ಬಳಸಿ ಹಾಳುಮಾಡಬಾರದು ಎಂದು ಆಂಡರ್ಸನ್ ಕೂಗಿ ಹೇಳಿದರು. 1972ರಲ್ಲಿ ಮೆಕ್ಸಿಕೋದಲ್ಲಿ ಕ್ಲೋರಾಂಫೆನಿಕಾಲ್‌ಗೆ ಜಗ್ಗದ ಟೈಫಾಯಿಡ್ ಹಬ್ಬಿ ಹತ್ತು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಅದೇ ವರ್ಷ ನಮ್ಮ ಪಕ್ಕದ ಕೇರಳದ ಕೋಳಿಕ್ಕೋಡಿನಿಂದಲೂ ಅಂತಹುದೇ ವರದಿ ಬಂದಿತು. ಅವು ಕರುಗಳಿಂದ ಬಂದವೆಂದು ಹೇಳುವ ಆಧಾರವಿಲ್ಲ. ಗಂಟು ಟೈಫಾಯಿಡ್ ರೋಗಾಣುವಿಗೂ ದಾಟಬಲ್ಲದು ಎಂಬ ಮಾತು ಮಾತ್ರ ನಿಜವಾಯಿತು.

ಆಂಡರ್ಸನ್ ಮೆದುಮಾತಿನ ಮನುಷ್ಯರಲ್ಲ. ಜಗಳಗಂಟರೆಂದೇ ಹೆಸರಾದವರು. ಅವರನ್ನು ಮೆಚ್ಚದವರಿಗೆ ಆಧಾರವೂ ಇತ್ತು. ಹಿಂದಿನ ವರದಿಯೊಂದು ಆಗಲೇ ಸಿದ್ಧವಿತ್ತು: ರೈತ ಮುಖಂಡರಾಗಿದ್ದ ಲಾರ್ಡ್ ನೆದರ್‌ಥಾರ್ಪ್ ಅವರ ಸಮಿತಿ 1962ರಲ್ಲಿ, ಪಶು ಆಹಾರದ ಔಷಧಿಗಳನ್ನು ನಿಲ್ಲಿಸಬೇಕಾದಷ್ಟು ಅಪಾಯವೇನೂ ಇಲ್ಲವೆಂದು ಹೇಳಿತ್ತು. ಅಮೆರಿಕದಲ್ಲಿ ಜೂಕ್ಸ್ ತಮ್ಮ ಸಂಶೋಧನೆಯನ್ನು ಕೊನೆಯವರೆಗೂ ಬಿಡದೆ ಸಮರ್ಥಿಸಿಕೊಂಡರು. 1967ರ ಅಕ್ಟೋಬರಿನಲ್ಲಿ 'ನ್ಯೂ ಸೈಂಟಿಸ್ಟ್' ವಾರಪತ್ರಿಕೆ ಈ ವಿಷಯವನ್ನು ಜನರ ಮುಂದಿಟ್ಟಿತು. ಅದೇ ವರ್ಷದ ಕೊನೆಯಲ್ಲಿ ಉತ್ತರ ಇಂಗ್ಲೆಂಡಿನ ಟೀಸ್‌ಸೈಡ್‌ನ ಆಸ್ಪತ್ರೆಗಳಲ್ಲಿ ಔಷಧಿಗೆ ಬಗ್ಗದ ಭೇದಿಯಿಂದ ಹಲವು ಹಸುಳೆಗಳು ಸತ್ತವು. ಆ ಸಾವುಗಳಿಗೂ ಕೊಟ್ಟಿಗೆಗೂ ನೇರ ಸಂಬಂಧವಿತ್ತೆಂದು ಸಿದ್ಧವಾಗಲಿಲ್ಲ. ಆದರೂ ಕಂದಮ್ಮಗಳ ಸಾವು ಸರ್ಕಾರವನ್ನು ಕದಲಿಸಿತು. ಪ್ರಮಾಣಗಳು ವರ್ಷಗಟ್ಟಲೆ ಮಾಡಲಾರದ ಕೆಲಸವನ್ನು ಒಂದು ದುಃಖ ಮಾಡಿಬಿಡುವುದು ಇತಿಹಾಸದಲ್ಲಿ ಹೊಸದಲ್ಲ.

1968ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಪ್ರಾಣಿಶಾಸ್ತ್ರಜ್ಞ ಮೈಕಲ್ ಸ್ವಾನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. 1969ರ ನವೆಂಬರಿನಲ್ಲಿ ವರದಿ ಬಂದಿತು. ಅದರ ಸಾರ ಇಷ್ಟು: ಔಷಧಿಗಳನ್ನು ಎರಡು ವರ್ಗ ಮಾಡಬೇಕು. ಮನುಷ್ಯರ ಚಿಕಿತ್ಸೆಗೆ ಬೇಕಾದ ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಲ್ಫಾ ಮುಂತಾದವನ್ನು ಬೆಳವಣಿಗೆಗೆಂದು ಪಶು ಆಹಾರದಲ್ಲಿ ಬೆರೆಸಕೂಡದು, ಪಶುವೈದ್ಯರ ಚೀಟಿಯಿದ್ದರೆ ಮಾತ್ರ ಕೊಡಬಹುದು. ಮನುಷ್ಯರ ಚಿಕಿತ್ಸೆಗೆ ಸಂಬಂಧವಿಲ್ಲದವನ್ನು ಮಾತ್ರ ಆಹಾರದಲ್ಲಿ ಬಳಸಬಹುದು. 1971ರಿಂದ ಇದು ಆಚರಣೆಗೆ ಬಂದಿತು. ಜಗತ್ತಿನಲ್ಲಿ ಇಂತಹ ಮೊದಲ ದೊಡ್ಡ ಹೆಜ್ಜೆಯೆಂದು ಸ್ವಾನ್ ವರದಿಯನ್ನು ಇಂದಿಗೂ ಹೊಗಳುತ್ತಾರೆ.

ನನಗೆ ಮಾತ್ರ ಇಲ್ಲೊಂದು ವಿಚಿತ್ರ ಕಾಣುತ್ತದೆ. ವರದಿಗೆ ಕಾರಣವಾದದ್ದು ಕರುಗಳ ಪಿಡುಗು. ವರದಿ ಕಟ್ಟಿಹಾಕಿದ್ದು ಮುಖ್ಯವಾಗಿ ಹಂದಿ ಕೋಳಿಗಳ ಹಿಂಡಿಯನ್ನು. ಕರುಗಳಿಗೆ ಔಷಧಿ ಕೊಡುತ್ತಿದ್ದುದು ಬೇಗ ದಪ್ಪವಾಗಲೆಂದು ಅಲ್ಲ, ಸಾಯದಿರಲೆಂದು, ರೋಗಕ್ಕೂ ರೋಗಭಯಕ್ಕೂ. ಆ ಬಾಗಿಲು ಚೀಟಿಯ ಹೆಸರಿನಲ್ಲಿ ತೆರೆದೇ ಉಳಿಯಿತು. ಗಿಣ್ಣುಹಾಲು ಸಿಗದ ಕರುವನ್ನು ಸಂತೆಗೆ ತಳ್ಳುವ ವ್ಯಾಪಾರವೂ ಹಾಗೆಯೇ ಮುಂದುವರಿಯಿತು. ಕೊಟ್ಟಿಗೆಯಲ್ಲಿ ಬೆಚ್ಚಗಿನ ಹುಲ್ಲು, ತಾಯ ಮೊಲೆ, ನಾಲ್ಕು ವಾರಗಳ ನೆಮ್ಮದಿ ಮಾಡಬೇಕಿದ್ದ ಕೆಲಸವನ್ನು ಸೀಸೆಯ ಮದ್ದಿನಿಂದ ಮಾಡಿಸಹೊರಟದ್ದೇ ಮೂಲ ದೋಷ ಎಂದು ನನ್ನ ಅಭಿಪ್ರಾಯ.

ಬಗೆ 29 ತಾನಾಗಿ ಇಳಿಯಿತು. ಆದರೆ 1970ರ ದಶಕದ ಉತ್ತರಾರ್ಧದಲ್ಲಿ ಬಗೆ 204 ಮತ್ತು ಬಗೆ 193 ಎಂಬ ಹೊಸಬರು ಅದೇ ಎಳಗರುಗಳಲ್ಲಿ ಕಾಣಿಸಿಕೊಂಡರು. ಈ ಸಲ ಕ್ಲೋರಾಂಫೆನಿಕಾಲ್ ಕೂಡ ನಾಟಲಿಲ್ಲ. ಕರುಗಳ ರಫ್ತಿನೊಡನೆ ಅವು ಸಮುದ್ರ ದಾಟಿ ಯುರೋಪನ್ನೂ ಸೇರಿದವು. ಆಂಡರ್ಸನ್ ನಿವೃತ್ತರಾದದ್ದು 1978ರಲ್ಲಿ. 1980ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್, ಸ್ವಾನ್ ಏಕೆ ವಿಫಲವಾಯಿತು ಎಂದು ಸಂಪಾದಕೀಯದಲ್ಲಿ ಕೇಳಿತು. ಅದರ ಹಿಂದೆಯೇ 204ಸಿ ಬಂದಿತು. ಪ್ರಾಣಿಗಳಿಗೆ ಮಾತ್ರ ಬಳಸುವ ಆಪ್ರಮೈಸಿನ್ ಎಂಬ ಔಷಧಿಯನ್ನು ಎದುರಿಸಲು ಕಲಿತ ರೋಗಾಣು, ಅದೇ ವಿದ್ಯೆಯಿಂದ ಮನುಷ್ಯರ ಜೆಂಟಾಮೈಸಿನ್ ಅನ್ನೂ ಎದುರಿಸಬಲ್ಲದೆಂದು ತಿಳಿಯಿತು. ಸ್ವಾನ್ ಎಳೆದ ಗೆರೆಯ ಆಚೆ ಈಚೆ ಎರಡೂ ಕಡೆ ರೋಗಾಣು ಓಡಾಡಿಕೊಂಡಿತ್ತು. 1990ರ ದಶಕದಲ್ಲಿ ಡಿಟಿ 104 ಎಂಬುದು ದನಗಳಲ್ಲಿ ಬೇರೂರಿ, ಐದು ಔಷಧಿಗಳಿಗೆ ಒಮ್ಮೆಲೇ ಸವಾಲೊಡ್ಡುತ್ತ ಅನೇಕ ದೇಶಗಳನ್ನು ಸುತ್ತಿತು.

ಕರುಗಳೇ ಏಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ವಿಶ್ವವಿದ್ಯಾಲಯದವರು ನನಗೆ ಬಹಳ ಹಿಡಿಸಿದರು. ಒಂದೇ ಡೇರಿಯಲ್ಲಿ ದೊಡ್ಡ ಹಸುಗಳಿಗಿಂತ ಎಳಗರುಗಳ ಸಗಣಿಯಲ್ಲಿ ಔಷಧಿಗೆ ಜಗ್ಗದ ಇ. ಕೋಲೈ ಹೆಚ್ಚು, ಕರು ಬೆಳೆದಂತೆ ತಾನೇ ಕಡಿಮೆಯಾಗುತ್ತದೆ. ಅಲ್ಲಿ ಕರುಗಳ ಹಾಲಿಗೆ ಬೆರೆಸುತ್ತಿದ್ದ ಪುಡಿಯೊಂದರಲ್ಲಿ ಟೆಟ್ರಾಸೈಕ್ಲಿನ್ ಕುಲದ ಔಷಧಿ ಇತ್ತು. ಅದನ್ನು ತೆಗೆದು ಬರಿಯ ಪುಡಿ ಕೊಟ್ಟರೂ ಜಗ್ಗದ ಬ್ಯಾಕ್ಟೀರಿಯಾ ಕಡಿಮೆಯಾಗಲಿಲ್ಲ ಎಂದು 2004ರಲ್ಲಿ ಪ್ರಕಟಿಸಿದರು. ಆ ತಳಿ ಎಳಗರುವಿನ ಕರುಳಿಗೇ ಹೊಂದಿಕೊಂಡುಬಿಟ್ಟಿತ್ತು; ಔಷಧಿಯಿರಲಿ ಇಲ್ಲದಿರಲಿ, ಅಲ್ಲಿ ಉಳಿದವುಗಳನ್ನು ಮೀರಿಸುವ ಶಕ್ತಿ ಅದಕ್ಕಿತ್ತು. ಔಷಧಿ ನಿಲ್ಲಿಸಿದೊಡನೆ ಎಲ್ಲವೂ ಮೊದಲಿನಂತಾಗುತ್ತದೆ ಎಂದು ನಂಬಿದವರಿಗೆ ಇದು ಕಹಿ ಸುದ್ದಿ. ಇನ್ನೊಂದು ದಾರಿಯೂ ಉಂಟು. ಕೆಚ್ಚಲು ಬಾವಿಗೆ ಚಿಕಿತ್ಸೆ ಪಡೆಯುತ್ತಿರುವ ಹಸುವಿನ ಹಾಲನ್ನು ಮಾರುವಂತಿಲ್ಲ, ಚೆಲ್ಲಲು ಮನಸ್ಸಿಲ್ಲ. ಅದು ಕರುಗಳ ಬಾಯಿಗೆ ಹೋಗುತ್ತದೆ. ಹಾಲಿನೊಡನೆ ಅಷ್ಟಿಷ್ಟು ಔಷಧಿಯೂ ಹೋಗುತ್ತದೆ. ಫ್ಲೆಮಿಂಗ್ 1945ರಲ್ಲಿ ಹೇಳಿದ ಅಳತೆಗೆಟ್ಟ ಔಷಧಿ ಇದೇ ಅಲ್ಲವೆ? ಊರಿನಲ್ಲಿ ಹಸು ಸಾಕಿರುವ ನನ್ನ ಬಂಧುಗಳು ಈ ಒಂದು ಸಾಲನ್ನಾದರೂ ಎರಡು ಬಾರಿ ಓದಬೇಕೆಂದು ವಿನಂತಿ.

ಕತೆ ಹಳೆಯದೆಂದು ತಿಳಿಯಬೇಡಿ. ಅಮೆರಿಕದಲ್ಲಿ 2015ರಿಂದ 2017ರವರೆಗೆ, ಬಹುಪಾಲು ವಿಸ್ಕಾನ್ಸಿನ್ ಪ್ರಾಂತದ ಡೇರಿಗಳಿಂದ ಬಂದ ಗಂಡುಗರುಗಳ ಮೂಲಕ ಸಾಲ್ಮೊನೆಲ್ಲಾ ಹೈಡೆಲ್‌ಬರ್ಗ್ ಎಂಬ, ಹಲವು ಔಷಧಿಗಳಿಗೆ ಜಗ್ಗದ ತಳಿ ಹರಡಿ, 15 ರಾಜ್ಯಗಳಲ್ಲಿ 56 ಜನ ಕಾಯಿಲೆ ಬಿದ್ದರು. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಕರುವನ್ನು ಮುದ್ದಿಸುವುದು ಎಲ್ಲ ನಾಡಿನ ಮಕ್ಕಳಿಗೂ ಸಹಜ ತಾನೆ. ಕರುಗಳ ಪ್ರಯಾಣವೂ ಹಳೆಯದೇ: ಡೇರಿ, ದಲ್ಲಾಳಿ, ಸಂತೆ, ಲಾರಿ.

ಸ್ವೀಡನ್ 1986ರಲ್ಲಿ, ಐರೋಪ್ಯ ಒಕ್ಕೂಟ 2006ರ ಜನವರಿಯಲ್ಲಿ, ಬೆಳವಣಿಗೆಗೆಂದು ಪಶು ಆಹಾರದಲ್ಲಿ ಇಂತಹ ಔಷಧಿ ಬೆರೆಸುವುದನ್ನು ಪೂರ್ಣ ನಿಲ್ಲಿಸಿದವು. ಆಂಡರ್ಸನ್ ತೀರಿಕೊಂಡದ್ದು ಅದೇ 2006ರಲ್ಲಿ. ನಮ್ಮ ದೇಶವು 2019ರಲ್ಲಿ, ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಔಷಧಿಯನ್ನು ಬಳಸುವುದನ್ನು ನಿಷೇಧಿಸಿತು. ಕ್ಲೋರಾಂಫೆನಿಕಾಲ್ ಮತ್ತು ಫ್ಯೂರಜೋಲಿಡೋನ್ ಸೇರಿದ ನೈಟ್ರೋಫ್ಯುರಾನ್ ವರ್ಗದ ಔಷಧಿಗಳನ್ನು ಅಂತಹ ಪ್ರಾಣಿಗಳಿಗಾಗಿ ತಯಾರಿಸುವುದನ್ನೂ ಮಾರುವುದನ್ನೂ 2025ರ ಮಾರ್ಚಿನಲ್ಲಿ ನಿಷೇಧಿಸಿತು. ಬಗೆ 29 ಗೆದ್ದುಕೊಂಡಿದ್ದ ಕೊನೆಯ ಔಷಧಿ ಆ ಫ್ಯೂರಜೋಲಿಡೋನ್ ಎಂಬುದು ಓದುಗರಿಗೆ ನೆನಪಿರಬಹುದು.